ಮೊಲೀಸೆಯ ಅಜ್ಜಿಯ ಪತ್ರ

ಅಬುಧಾಬಿಯ ವೀಸಾ ಕೇಂದ್ರದ ಕೌಂಟರಿನಲ್ಲಿದ್ದ ಹುಡುಗಿ ನಮ್ಮ ಕಾಗದಗಳನ್ನು ಎರಡು ಸಲ ತಿರುವಿ ಹಾಕಿದಳು. ಇಟಲಿಗೆ ಹೊರಟವರೆಲ್ಲ ರೋಮ್, ವೆನಿಸ್ ಹೋಟೆಲುಗಳ ಬುಕಿಂಗ್ ತರುತ್ತಾರಂತೆ. ನಾವು ಕೊಟ್ಟದ್ದು ಮೊಲೀಸೆ ಎಂಬ ಗುಡ್ಡಗಾಡು ಸೀಮೆಯ ಲೂಚಿಯಾ ಅಜ್ಜಿ ಕೈಯಾರೆ ಬರೆದ ಪತ್ರ. ತನ್ನ ಮನೆಯಲ್ಲಿ ಕೋಣೆ ಕೊಟ್ಟು, ತಾನೇ ಅಡುಗೆ ಮಾಡಿ ಬಡಿಸುತ್ತೇನೆಂದು ಬರೆದಿದ್ದಳು. ಆ ಮನೆ ಹುಡುಕಲು ನನಗೆ ಎರಡು ತಿಂಗಳು ಹಿಡಿದಿತ್ತು.

“ಪತ್ರ ಬರೆದ ಇವರ ಗುರುತಿನ ಚೀಟಿ ಬೇಕು ಮೇಡಂ. ಇಲ್ಲದಿದ್ದರೆ ಹೋಟೆಲ್ ಬುಕಿಂಗ್ ತನ್ನಿ,” ಎಂದಳು ಹುಡುಗಿ.

ಧಾರವಾಡದವರಾದ ನನ್ನ ಯಜಮಾನರು ಮೆಲ್ಲಗೆ, “ಹೋಗ್ಲಿ ಬಿಡು, ರೋಮಿನ್ಯಾಗ ಒಂದು ಹೋಟೆಲ್ ನೋಡೋಣು,” ಎಂದರು.

“ಬ್ಯಾಡ್ರಿ. ಹೋದ್ರ ಆಕಿ ಮನಿಗೇ ಹೋಗೋದು,” ಎಂದವಳೇ ಅಲ್ಲಿಂದಲೇ ಫೋನ್ ಹಚ್ಚಿದೆ.

ಅಜ್ಜಿಗೆ ಇಂಗ್ಲಿಷ್ ಬಾರದು, ನನಗೆ ಬರುವ ಇಟಾಲಿಯನ್ ಹತ್ತೇ ಪದ. ‘ದೊಕುಮೆಂತೊ’ ಎಂದು ಮೂರು ಸಲ ಕೂಗಿದ ಮೇಲೆ ಅವಳಿಗೆ ಅರ್ಥವಾಯಿತು. ಸ್ವಲ್ಪ ಹೊತ್ತಿಗೆ ಫೋಟೊ ಬಂತು. ಗುರುತಿನ ಚೀಟಿಯನ್ನು ಹಿಟ್ಟು ಮೆತ್ತಿದ ಮೇಜಿನ ಮೇಲಿಟ್ಟಿದ್ದಳು. ಸುತ್ತಲೂ ಆಗಷ್ಟೇ ಲಟ್ಟಿಸಿ ಕತ್ತರಿಸಿದ ಪಾಸ್ತಾ ಹರಡಿತ್ತು.

ಫೋನ್ ಚಾಚಿದೆ. ಹುಡುಗಿ ಚೀಟಿ ಬಿಟ್ಟು ಆ ಪಾಸ್ತಾವನ್ನೇ ದೊಡ್ಡದು ಮಾಡಿ ನೋಡಿದಳು.

“ಎಷ್ಟು ದಿನ ಇರ್ತೀರಿ?”

“ನಾಲ್ಕು ದಿನ.”

“ನಾಲ್ಕೇ?” ಎನ್ನುತ್ತ ನಮ್ಮ ಫೈಲು ತೆಗೆದುಕೊಂಡು ಠಸ್ಸೆ ಒತ್ತಿದಳು.