ಲಂಡನ್ನಿನಿಂದ ಬಾರದ ‘ಚ್’

ಮದುವೆ ಗೊತ್ತಾಯಿತೆಂದು ಸಕ್ಕರೆ ಹಂಚಿ, ಸೀರೆ ತರಲು ಸುಲ್ತಾನ್ ಬಜಾರಿಗೆ ಹೊರಟಿದ್ದೆವು. ಮದುಮಗಳು ಬೇಡ ಅಂದಿದ್ದಾಳೆ ಎನ್ನುವುದೊಂದೇ ನಮಗೆ ಗೊತ್ತಿರಲಿಲ್ಲ!

ಮದುಮಗಳು ಅಂದರೆ ನನ್ನ ತಮ್ಮನ ಮಗಳು ಸುಜಾತಾ. ಲಂಡನ್ನಿನಲ್ಲಿ ನರ್ಸು. ಅವಳ ಜೊತೆ ನಮ್ಮ ಮಾತೆಲ್ಲ ಕಂಪ್ಯೂಟರಿನಲ್ಲೇ; ದನಿ ಮಾತ್ರ, ಮುಖ ಕಾಣುವುದಿಲ್ಲ. ಅದನ್ನು ಜೋಡಿಸಿಕೊಟ್ಟವಳು ಬೇಗಂಪೇಟೆಯ ಸಾಫ್ಟ್‌ವೇರ್ ಆಫೀಸಿಗೆ ಹೋಗುವ ನನ್ನ ಸೊಸೆ ವನಜಾ.

ಕಳೆದ ಭಾನುವಾರ ತಮ್ಮ ಮೈಕ್ ಹಿಡಿದು ಕೇಳಿದ: “ಹುಡುಗನ ಫೋಟೋ ನೋಡಿದೇನವಾ? ಒಪ್ಪಿಗಿ ಏನು?”

ಸದ್ದಿಲ್ಲ.

“ಅವರಿಗೆ ಹೂಂ ಅಂತ ಹೇಳಲೇನು?”

ಸದ್ದಿಲ್ಲ. ಅಷ್ಟರಲ್ಲಿ ಲೈನು ಕಡಿಯಿತು. (ಕಡಿಯದೆ ಮಾತು ಮುಗಿದದ್ದನ್ನು ನಾನಂತೂ ಕಂಡಿಲ್ಲ.)

“ನಾಚಿಕೊಂಡಾಳ!” ಎಂದು ತಮ್ಮ ಕುಣಿದಾಡಿದ. ಅವನ ಹೆಂಡತಿ ಸಕ್ಕರೆ ಡಬ್ಬಿ ತೆಗೆದಳು.

ನನಗೆ ಅನುಮಾನ. ಸುಜಾತಾಳಿಗೆ ನಾಚಿಕೆಯೆ? ರೇಷನ್ ಅಂಗಡಿಯವನ ಜೊತೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಜಗಳವಾಡಿದ ಹುಡುಗಿ! ಚಪ್ಪಲಿ ಮೆಟ್ಟಿದ್ದ ತಮ್ಮನನ್ನು ತಡೆದೆ. ವನಜಾಳಿಂದ ಮತ್ತೆ ಕಾಲ್ ಹಚ್ಚಿಸಿದೆ.

“ಬಾಯಿ ಬಿಟ್ಟು ಹೇಳು ಸುಜಿ. ಬೇಕೋ ಬ್ಯಾಡೋ?”

“ಅತ್ತಿ, ಆಗಲೇ ಎರಡು ಸಲ ನಾಲಿಗಿ ಲೊಚಗುಟ್ಟಿದೆನಲ್ಲ! ಮದಿವಿ ಆದಮ್ಯಾಲೆ ನಾ ನೌಕರಿ ಬಿಡಬೇಕಂತ. ಬೇಕಾದ್ರ ಅವನ ಬಿಡ್ಲಿ!”

ನಮ್ಮ ಮನೆಯಲ್ಲಿ ಬೇಡ ಎನ್ನಲು ಬಾಯಿ ತೆರೆಯುವುದಿಲ್ಲ. ನಾಲಿಗೆಯಲ್ಲೇ ‘ಚ್’. ಅಷ್ಟೇ. ಹಾಗಾದರೆ ಆ ‘ಚ್’ ಎಲ್ಲಿ ಹೋಯಿತು?

“ಈ ಪ್ರೋಗ್ರಾಂ ನಮ್ಮ ದನಿ ಹಿಂಡಿ ಸಣ್ಣದು ಮಾಡಿ ಕಳಸ್ತೈತ್ರಿ,” ಎಂದಳು ವನಜಾ. “ಮಾತಲ್ಲ ಅನ್ನಿಸಿದ್ದನ್ನ ಕಳಸೂದ ಇಲ್ಲ. ‘ಚ್’ ಅಂದದ್ದನ್ನ ಏನೋ ಸಪ್ಪಳ ಅಂತ ಬಿಟ್ಟಿರಬೇಕು.”

(ಹಿಂಡುವುದು ಮೂರನೇ ಇಯತ್ತೆ ಓದಿದ ನನಗೂ ಗೊತ್ತು. ನೀರು ಹೋಗಬೇಕು, ಅಂಗಿಯ ಗುಂಡಿ ಹೋಗಬಾರದು!)

“ರಿಪೇರಿಗೆ ಯಾರನ್ನ ಕರೀಬೇಕು?”

“ಯಾರನ್ನೂ ಬ್ಯಾಡ್ರಿ. ಇದು ಫ್ರೀ ಪ್ರೋಗ್ರಾಂ. ಮಾಡಿದವರು ಒಳಗಿಂದೆಲ್ಲಾ ತೆರೆದಿಟ್ಟಾರ. ಬೇಕಾದವರು ತಿದ್ದಿಕೊಳ್ಳಬಹುದು.”

ತಿದ್ದಿಯೇಬಿಟ್ಟಳು. ಲಂಡನ್ನಿಗೂ ಕಳಿಸಿದಳು. ಈಗ ಸುಜಾತಾಳ ‘ಚ್’ ಪಟಾಕಿಯಂತೆ ಕೇಳುತ್ತದೆ. ಜೊತೆಗೆ ಅವಳ ಕುಕ್ಕರಿನ ಸೀಟಿ, ರೂಮ್‌ಮೇಟಳ ಸೀನು ಎಲ್ಲವೂ. ಇರಲಿ. ಸಂಬಂಧ ಬೇಡವೆಂದು ಹೇಳಿ ಕಳಿಸಿದೆವು. ತಿಂದ ಸಕ್ಕರೆಯನ್ನು ಯಾರೂ ವಾಪಸು ಕೊಡಲಿಲ್ಲ.

ತಮ್ಮ ಇನ್ನೂ ಕಂಪ್ಯೂಟರಿಗೇ ಬೈಯುತ್ತಿದ್ದಾನೆ. ಅದೇನು ಮಾಡೀತು? ಒಂದು ಸಪ್ಪಳ ಬಿಟ್ಟಿತು, ಅಷ್ಟೇ. ಸಕ್ಕರೆ ಹಂಚಿದವರು ನಾವು.

ಹುಡುಗಿ ಸುಮ್ಮನಿದ್ದರೆ ‘ಹೂಂ’ ಎಂದು ಓದಿಕೊಳ್ಳುವ ಪ್ರೋಗ್ರಾಂ ನಮ್ಮ ತಲೆಯೊಳಗೂ ಇದೆಯಲ್ಲ, ಅದನ್ನು ತೆರೆದು ತಿದ್ದುವವರು ಯಾರು?