ಪಕ್ಕದ ಮನೆಯ ಅಕ್ಕ ಮತ್ತು ಅಳುವ ಬೆಕ್ಕು

ದೋಣಿಗಲ್‌ನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನ ಗಂಡ ಎಸ್ಟೇಟ್ ಲಾರಿಯ ಡ್ರೈವರ್. ಅವರು ಘಾಟಿ ಇಳಿದ ದಿನ ಸಂಜೆಯವರೆಗೂ ಅಕ್ಕನ ಕೈ ಕುತ್ತಿಗೆಯ ಕರಿಮಣಿ ಬಿಟ್ಟು ಬರುತ್ತಿರಲಿಲ್ಲ. ನಾವು ನಕ್ಕರೆ, "ನಿಮ್ಗೇನ್ ಗೊತ್ತು, ಸುಮ್ಕಿರಿ" ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಅವರ ಗಂಡ ಜಗಲಿಯಲ್ಲಿ ಪೇರಿಸಿದ್ದ ಖಾಲಿ ಗೋಣಿಚೀಲಗಳನ್ನು ಹೇರಿಕೊಂಡು ಉಪ್ಪಿನಂಗಡಿಗೆ ಹೊರಟರು. ಸ್ವಲ್ಪ ಹೊತ್ತಿಗೆ ಅವರ ಮನೆಯ ಹೆಣ್ಣು ಬೆಕ್ಕು ಅಳತೊಡಗಿತು. ಥೇಟ್ ಎಳೆಗೂಸಿನ ದನಿ. ಬೆಕ್ಕು ಅತ್ತರೆ ಮನೆಗೆ ಕೇಡು ಎಂದು ನಮ್ಮ ಕಡೆ ನಂಬದವರಿಲ್ಲ. ಅಕ್ಕ ಹಾಲಿಟ್ಟರು, ಅದು ಮೂಸಲಿಲ್ಲ. ತೊಡೆಯ ಮೇಲೆ ಹಾಕಿಕೊಂಡು ತಟ್ಟಿದರು. ಕೊಸರಿಕೊಂಡು ಓಡಿ, ಬರಿದಾದ ಜಗಲಿಯಲ್ಲಿ ನಿಂತು ಮತ್ತೆ ಅತ್ತಿತು.

"ಸುಮ್ಕಿರವ್ವ. ಅವ್ರು ಘಾಟಿ ಹತ್ತಿ ಬಂದ್ಬುಡ್ಲಿ" ಎಂದು ಅಕ್ಕ ಬೆಕ್ಕಿಗೇ ಕೈಮುಗಿದರು. ನೋಡುತ್ತಿದ್ದ ನಾನೂ ಬೇಲಿಯಾಚೆಯಿಂದ ಕೈಮುಗಿದೆ.

ದೀಪ ಹಚ್ಚುವ ಹೊತ್ತಿಗೆ ಲಾರಿ ಬಂತು. ಅವರ ಗಂಡ ಒಂದು ಗೋಣಿಚೀಲವನ್ನು ಮಗುವಿನಂತೆ ಎತ್ತಿಕೊಂಡು ಇಳಿದರು.

"ಇದ್ರೊಳ್ಗೆ ಮರಿ ಹಾಕೈತೆ ಕಣೆ. ನಾನು ನೋಡ್ದೆ ಹೇರ್ಕೊಂಡು ಹೋಗ್ಬುಟ್ಟಿದ್ದೆ."

ಬೆಕ್ಕು ಚೀಲದೊಳಗೆ ನುಗ್ಗಿ ಮರಿಗಳನ್ನು ನೆಕ್ಕತೊಡಗಿತು. ಅಳು ಅಲ್ಲಿಗೇ ನಿಂತಿತು. ಅಕ್ಕ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಾರನೇ ಬೆಳಿಗ್ಗೆ ಲಾರಿ ಮತ್ತೆ ಘಾಟಿಯ ಕಡೆ ಹೊರಟಿತು. ಬೆಕ್ಕು ಮೂಲೆಯಲ್ಲಿ ಮರಿಗಳಿಗೆ ಹಾಲೂಡುತ್ತಾ ಕಣ್ಣು ಮುಚ್ಚಿ ಮಲಗಿತ್ತು. ಅಕ್ಕ ಬೇಲಿಯ ಹತ್ತಿರ ಬಂದು ಮೆಲ್ಲಗೆ ನನ್ನನ್ನು ಕರೆದರು. ಕೈ ಕರಿಮಣಿಯ ಮೇಲಿತ್ತು.

"ಇವತ್ತು ಇದ್ರ ಸದ್ದೇ ಇಲ್ವಲ್ಲೇ, ಯಾಕಿರ್ಬೋದು?"