ಹುಂಜಕ್ಕೆ ಹಚ್ಚಿದ ‘ರೀ’

ಗೋಪನಕೊಪ್ಪದ ಮಹಾದೇವಪ್ಪ ಮಾಸ್ತರರು ಸರಕಾರಿ ಶಾಲೆಯಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಊರೆಲ್ಲ ಅವರನ್ನು ಗುರುತಿಸುತ್ತಿದ್ದದ್ದು ಅವರ ‘ರೀ’ಯಿಂದ. ನಮ್ಮ ಕಡೆ ಎಲ್ಲರೂ ರೀ ಅನ್ನುವವರೇ, ಅದರಲ್ಲೇನು ದೊಡ್ಡಸ್ತಿಕೆ ಎಂದು ನೀವು ಕೇಳಬಹುದು. ಇವರು ಒಂದನೇ ಇಯತ್ತೆಯ ಕೂಸಿಗೂ ‘ಮೂಗು ಒರಸ್ಕೋರಿ’ ಎನ್ನುತ್ತಿದ್ದವರು. ಒಮ್ಮೆ ದುರ್ಗದಬೈಲು ಪೇಟೆಯ ಗದ್ದಲದಲ್ಲಿ ಒಬ್ಬ ಇವರ ಕಿಸೆಗೆ ಕೈ ಹಾಕಿದ. ಇವರು ಆ ಕೈ ಹಿಡಿದು, “ಇದು ನನ್ನ ಕಿಸೆ ಐತ್ರಿ, ನೀವು ತಪ್ಪಿ ಕೈ ಹಾಕೀರಿ” ಎಂದರು. ಕಳ್ಳನಿಗೇ ನಾಚಿಕೆಯಾಗಿ, “ತಪ್ಪಾತ್ರಿ ಸರ್” ಎಂದು ಹೋದನಂತೆ. ಇದನ್ನು ನಾನು ಪೂರ್ತಿ ನಂಬುವುದಿಲ್ಲ, ಆದರೆ ಬಿಡಲೂ ಮನಸ್ಸಿಲ್ಲ.

ಮಾಸ್ತರರ ಎರಡನೇ ಹುಚ್ಚು ಜವಾರಿ ಕೋಳಿ, ಅಂದರೆ ನಾಟಿ ಕೋಳಿ. ಬ್ರಾಯ್ಲರ್ ಕೋಳಿ ಕೋಳಿಯೇ ಅಲ್ಲ, ಅದನ್ನು ತಿನ್ನುವುದಕ್ಕಿಂತ ಅರಳೆ ತಿನ್ನುವುದು ಮೇಲು ಎಂದು ಚಹಾದಂಗಡಿಯಲ್ಲಿ ದಿನಾ ಪಾಠ ಹೇಳುತ್ತಿದ್ದರು. ಕೇಳಿ ಕೇಳಿ ಬೇಸತ್ತವರು ಶರೀಫಸಾಬ. ಪಕ್ಕದ ಓಣಿಯಲ್ಲಿ ಅವರದು ಸ್ಕೂಟರ್ ರಿಪೇರಿಯ ಗ್ಯಾರೇಜು, ಗ್ಯಾರೇಜಿನ ಹಿಂದೆ ಕೋಳಿಗೂಡು. ಒಂದು ದಿನ ಅವರು ಹರಕು ಬುಟ್ಟಿಯಲ್ಲಿ ನಾಲ್ಕಾರು ಜವಾರಿ ಮರಿಗಳನ್ನು ತಂದು ಮಾಸ್ತರರ ಮುಂದೆ ಇಟ್ಟೇಬಿಟ್ಟರು.

“ತಗೋರಿ ಸರ್, ಇನ್ನ ನೀವ ಸಾಕ್ರಿ. ಸಾಕೂದು ಸುಲಭ. ಕೊಯ್ಯೂದು ಮಾತ್ರ ನಿಮ್ಮಂಥವರ ಮನ್ಯಾಗ ಆಗೂದಲ್ರಿ.”

ಮಾಸ್ತರರಿಗೆ ಕಿಚ್ಚು ಹತ್ತಿತು. “ಯಾಕಾಗೂದಿಲ್ರಿ? ಹಿಡಿಯಾಕ ನಾ ಇದ್ದೇನಿ, ಕೊಯ್ಯಾಕ ನೀವು ಅದೀರಿ. ಹುಂಜ ಬಲೀಲಿ, ಒಂದು ಐತವಾರ ನಮ್ಮ ಮನ್ಯಾಗ ನಿಮಗ ಸಾರು ಉಣಸ್ತೇನಿ. ಉಣಸದಿದ್ರ ಇನ್ನ ಮ್ಯಾಲೆ ಜವಾರಿ ಅನ್ನೂ ಮಾತು ನನ್ನ ಬಾಯಾಗ ಬಂದ್ರ ಕೇಳ್ರಿ!”

ಚಹಾದಂಗಡಿಯೆಲ್ಲ ಈ ಮಾತನ್ನು ಕೇಳಿಸಿಕೊಂಡಿತು. ಜವಾರಿ ಎಂಬ ಮಾತನ್ನೇ ಬಿಟ್ಟರೆ ಮಾಸ್ತರರಿಗೆ ಆಡಲು ಬೇರೆ ಮಾತೇ ಉಳಿಯುತ್ತಿರಲಿಲ್ಲ. ಹೀಗಾಗಿ ಹುಂಜ ಸಾರಾಗಲೇಬೇಕಿತ್ತು.

ಕೆಟ್ಟ ಏರ್‌ಕೂಲರಿನ ಡಬ್ಬಿ ಹಿತ್ತಲಲ್ಲಿ ಗೂಡಾಯಿತು. ಒಂದೆರಡು ಮರಿ ಬೆಕ್ಕಿನ ಪಾಲಾದವು. ಉಳಿದವುಗಳಲ್ಲಿ ಹೇಂಟೆಗಳು ಬೆಳೆದು ತತ್ತಿ ಇಡತೊಡಗಿದವು, ಒಂದು ಮಾತ್ರ ಕೆಂಪು ಕೊರಳಿನ ಹುಂಜವಾಯಿತು. ಮಾಸ್ತರರ ಮಗ, ಸೊಸೆ ಇಬ್ಬರೂ ನೌಕರಿಯವರು. ಮೊಮ್ಮಕ್ಕಳಾದ ಸ್ನೇಹಲ್ ಮತ್ತು ಪೂನಮ್ ಶಾಲೆ ಬಿಟ್ಟ ಹೊತ್ತೆಲ್ಲ ಅಜ್ಜ, ಅಜ್ಜಿ, ಕೋಳಿಗಳ ನಡುವೆಯೇ ಇರುತ್ತಿದ್ದರು. ಅಪಾಯವನ್ನು ಮಾಸ್ತರರು ಮೊದಲೇ ಕಂಡರು. ಹುಡುಗಿಯರಿಬ್ಬರನ್ನೂ ಸಾಲಾಗಿ ನಿಲ್ಲಿಸಿ ಕಟ್ಟಪ್ಪಣೆ ಮಾಡಿದರು.

“ಉಣ್ಣೂ ಪ್ರಾಣಿಗೆ ಹೆಸರಿಡಬಾರದ್ರಿ. ಹೆಸರಿಟ್ರ ಅದು ಮನಿ ಮಂದಿ ಆಗಿಬಿಡತೈತಿ. ತಿಳೀತೇನ್ರಿ?”

“ತಿಳೀತ್ರಿ ಅಜ್ಜಾ.”

ಮಕ್ಕಳು ಮಾತು ತಪ್ಪಲಿಲ್ಲ, ಹೆಸರಿಡಲಿಲ್ಲ. ಆದರೆ ಹೆಸರಿಲ್ಲದವರ ಬಗ್ಗೆ ಮಾತಾಡುವುದು ಹೇಗೆ? ಮೂರನೇ ಇಯತ್ತೆಯ ಸ್ನೇಹಲ್ ಯೋಚಿಸಿದಳು. ಅಜ್ಜಿ ಗುಡ್ಡವ್ವ ಅಜ್ಜನ ಹೆಸರನ್ನು ಯಾವತ್ತೂ ಹೇಳುವುದಿಲ್ಲ, ‘ಅವರು’ ಅನ್ನುತ್ತಾಳೆ. ಅಂದಮೇಲೆ ಹೆಸರು ಹೇಳಬಾರದವರೆಲ್ಲ ‘ಅವರು’. ಅಂದು ಸಂಜೆಯಿಂದಲೇ ಹುಂಜ ‘ಅವರು’ ಆಯಿತು. ‘ಅವರಿಗೆ’ ಬರ್ರಿ, ಹೋಗ್ರಿ ಎಂಬ ಮರ್ಯಾದೆಯೂ ಶುರುವಾಯಿತು. ಹೆಡ್‌ಮಾಸ್ತರರ ಮೊಮ್ಮಕ್ಕಳಲ್ಲವೇ, ತರ್ಕದಲ್ಲಿ ತಪ್ಪು ಹುಡುಕಲು ಬರುವಂತಿರಲಿಲ್ಲ.

ಮನೆಯ ಮಾನ ಹೋಗತೊಡಗಿದ್ದು ಇಲ್ಲಿಂದ. ನೆರೆಮನೆಯ ಕಾಶೀಬಾಯಿ ಗೋಡೆಯ ಮೇಲಿಂದ ಇಣುಕಿ, “ಎಲ್ಲಾರೂ ಏನ್ ಮಾಡಾಕತ್ತೀರಿ?” ಎಂದರೆ ಪುಟ್ಟ ಪೂನಮ್ ನಿಷ್ಠೆಯಿಂದ ವರದಿ ಒಪ್ಪಿಸುತ್ತಿದ್ದಳು: “ಅಜ್ಜಿ ಅರಬಿ ಒಗಿಯಾಕತ್ತಾಳ್ರಿ. ಅವರು ತಿಪ್ಪಿ ಕೆದರಾಕತ್ತಾರ್ರಿ.”

ಕಾಶೀಬಾಯಿ ಗಲ್ಲಕ್ಕೆ ಕೈ ಹಚ್ಚಿದಳು. “ಅಯ್ಯ ಶಿವನ! ಈ ತಿಂಗಳ ಪೆನ್ಶನ್ ಬಂದಿಲ್ಲೇನವಾ?”

ಮಕ್ಕಳ ಮಾತು ಕೇಳಿ ಕೇಳಿ ಗುಡ್ಡವ್ವನ ಬಾಯಿಗೂ ಅದು ಅಂಟಿತು. ಗದಗಿನಲ್ಲಿದ್ದ ಮಗಳಿಗೆ ಫೋನಿನಲ್ಲಿ, “ಅವರು ನಸಿಕಿನ್ಯಾಗ ಎದ್ದು ಮಾಳಗಿ ಏರಿ ಒಂದೇ ಸವನ ಒದರತಾರ, ಓಣ್ಯಾಗ ಯಾರಿಗೂ ನಿದ್ದಿಲ್ಲ” ಎಂದಳು. ಮಗಳು ಅಳುತ್ತ, ಅಪ್ಪನನ್ನು ಲಗೂ ಡಾಕ್ಟರಿಗೆ ತೋರಿಸಿ ಎಂದಳು.

ಮಾಸ್ತರರು ಸಿಟ್ಟಿಗೆದ್ದರು. “ಏ ಗುಡ್ಡಿ, ನನಗೂ ಅವರು, ಹುಂಜಕ್ಕೂ ಅವರು ಅಂದ್ರ ಹೆಂಗಲೇ?”

“ಏನ್ ಫರಕ ಐತಿ?” ಎಂದಳು ಗುಡ್ಡವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. “ನಾ ಕರದ್ರ ಇಬ್ರೂ ಬರೂದಿಲ್ಲ. ಊಟದ ಹೊತ್ತಿಗೆ ಇಬ್ರೂ ತಪ್ಪೂದಿಲ್ಲ.”

ಅಂತೂ ಆ ರವಿವಾರ ಬಂತು. ಗುಡ್ಡವ್ವ ಉಳ್ಳಾಗಡ್ಡಿ, ಒಣಕೊಬ್ಬರಿ ಸುಟ್ಟು ಮಸಾಲೆ ಅರೆದಿದ್ದಳು. ಅದರ ವಾಸನೆ ಓಣಿಯ ತಿರುವಿನವರೆಗೂ ಹೋಗಿತ್ತು. ಶರೀಫಸಾಬ ಮಿಂದು, ಚೂರಿಯನ್ನು ಬಿಳಿ ಅರಿವೆಯಲ್ಲಿ ಸುತ್ತಿಕೊಂಡು ಬಂದರು. ಮಕ್ಕಳಿಗೆ ಹೊರಗೆ ಬರಬಾರದೆಂದು ಹೇಳಲಾಗಿತ್ತು. ಅವರು ಬರಲಿಲ್ಲ, ಕಿಟಕಿಯ ಸರಳಿಗೆ ಮೂಗು ಒತ್ತಿ ನಿಂತರು.

ಯಾರಿಗೂ ಕಾಣದಂತೆ ಮಾಸ್ತರರೂ ದಿನಾ ಆ ಹುಂಜಕ್ಕೆ ನುಚ್ಚು ಹಾಕುತ್ತಿದ್ದರು. ಆದರೆ ಚಹಾದಂಗಡಿಯಲ್ಲಿ ಆಡಿದ ಮಾತು ಸಣ್ಣದಾಗಿರಲಿಲ್ಲ. ಧೋತರ ಎತ್ತಿ ಕಟ್ಟಿ ಹುಂಜದ ಬೆನ್ನು ಹತ್ತಿದರು. ಹುಂಜ ಸ್ಕೂಟರಿನ ಸೀಟು ಹತ್ತಿತು, ಅಲ್ಲಿಂದ ಒಗೆದ ಅರಿವೆಯ ಹಗ್ಗಕ್ಕೆ ಜಿಗಿದು ಸೊಸೆಯ ದುಪಟ್ಟಾ ಸಮೇತ ಕೆಳಗೆ ಬಿತ್ತು, ಕಡೆಗೆ ನುಗ್ಗಿಮರದ ಟೊಂಗೆ ಏರಿ ಕುಳಿತಿತು. ಮಾಸ್ತರರು ಎರಡು ಸಲ ಜಾರಿ ಬಿದ್ದರು. ಎದ್ದು, ಮೈಯೆಲ್ಲ ರಾಡಿ ಮಾಡಿಕೊಂಡು, ಉಸಿರು ಬಿಡುತ್ತ ಮರದ ಬುಡದಲ್ಲಿ ನಿಂತರು. ಜೀವಮಾನದ ರೂಢಿ ಯಾರನ್ನು ಬಿಟ್ಟೀತು?

“ಸಾಕ್ರಿ ಇನ್ನ, ಕೆಳಗ ಇಳೀರಿ,” ಎಂದುಬಿಟ್ಟರು.

ಹುಂಜ ಇಳಿಯಿತು. ಮಕ್ಕಳು ದಿನಾ ಹಾಗೆಯೇ ಕರೆಯುತ್ತಿದ್ದರಲ್ಲ, ಕರೆದ ಮೇಲೆ ಕಾಳು ಸಿಗುತ್ತದೆ ಎಂದು ಅದಕ್ಕೆ ಗೊತ್ತಿತ್ತು. ಮಾಸ್ತರರ ಕಾಲ ಬಳಿ ಬಂದು ಕತ್ತು ಓರೆ ಮಾಡಿ ಮುಖ ನೋಡಿತು. ಶರೀಫಸಾಬ ಬಿಚ್ಚಿ ಹಿಡಿದಿದ್ದ ಚೂರಿಯನ್ನು ಇಳಿಸಿದರು.

“ಸರ್, ಈಗ ಯಾರಿಗೆ ರೀ ಅಂದ್ರಿ?”

“ಹುಂಜಕ್ಕರಿ. ಬಾಯಿ ತಪ್ಪಿ ಬಂತ್ರಿ. ನೀವು ನಿಮ್ಮ ಕೆಲಸ ನಡಸ್ರಿ.”

“ಹೆಂಗ್ ನಡಸಲ್ರಿ? ಮನಿ ಯಜಮಾನ್ರು ರೀ ಅಂದು ಕರದವರ ಕುತ್ತಿಗಿಗೆ ನಾ ಚೂರಿ ಹಚ್ಚಬೇಕ್ರಿ? ರೀ ಅಂದವರನ್ನ ಕೊಯ್ಯಾಕ ಬರೂದಿಲ್ಲ ಸರ್.” ಶರೀಫಸಾಬ ಚೂರಿಯನ್ನು ಮತ್ತೆ ಅರಿವೆಯಲ್ಲಿ ಸುತ್ತಿದರು. ಕಿಟಕಿಯಲ್ಲಿ ಹೋ ಎಂದು ಗುಲ್ಲೆದ್ದಿತು.

ಮಾಸ್ತರರಿಗೆ ಎಷ್ಟು ಹಾಯೆನಿಸಿತೆಂದರೆ ಅಲ್ಲೇ ಕುಳಿತು ಅಳಬೇಕೆನಿಸಿತು. ಅಷ್ಟೇ ಅವಮಾನವೂ ಆಗಿತ್ತು. ಅವರು ಹೋಗಿ ಕೈಕಾಲು ತೊಳೆದರು.

ಅರೆದ ಮಸಾಲೆ ದಂಡವಾಗಬಾರದಲ್ಲ, ಗುಡ್ಡವ್ವ ತತ್ತಿ ಕುದಿಸಿ ಹಾಕಿ ಸಾರು ಮಾಡಿದಳು. ಎಲ್ಲರೂ ಊಟಕ್ಕೆ ಕುಳಿತರು. ಶರೀಫಸಾಬ ಒಂದು ತುತ್ತು ನುಂಗಿ, ಮೀಸೆಯಲ್ಲಿಯೇ ನಗುತ್ತ ಕೇಳಿದರು.

“ಭಾಳ ರುಚಿ ಐತ್ರಿ. ಇವು ಯಾವ ಕೋಳಿ ತತ್ತಿ ಸರ್?”

“ಜ...” ಎಂದ ಮಾಸ್ತರರು ಬಾಯಿ ಮುಚ್ಚಿದರು. ತುತ್ತು ನುಂಗಿದರು. “ಹಿತ್ತಲದ್ದರಿ.”

ಆಡಿದ ಮಾತಿಗೆ ದಂಡ ತೆತ್ತಾಯಿತು. ಆ ಸಂಕಟವನ್ನು ಎಲ್ಲಿ ಇಳಿಸಬೇಕು? ಹುಂಜದ ಮೇಲೆ ಆಗುವುದಿಲ್ಲ, ಗೆಳೆಯನ ಮೇಲೆ ಆಗುವುದಿಲ್ಲ. “ಏ, ಏನ್ ಹಂಗ ನಿಂತಿ? ತಾಟು ಖಾಲಿ ಆಗಿದ್ದು ಕಾಣಸೂದಿಲ್ಲೇನಲೇ? ಲಗೂ ನೀಡು!” ಎಂದು ಹೆಂಡತಿಯ ಮೇಲೆ ಹಾರಿದರು.

ಗುಡ್ಡವ್ವ ಸೌಟು ಎತ್ತಿದಳು. ಪೂನಮ್ ತುತ್ತನ್ನು ಕೈಯಲ್ಲೇ ಹಿಡಿದು ಅಜ್ಜಿಯನ್ನು ನೋಡಿದಳು, ಶರೀಫಸಾಬರ ಮಗ್ಗುಲಲ್ಲಿದ್ದ ಬಿಳಿ ಗಂಟನ್ನು ನೋಡಿದಳು.

“ಅಜ್ಜಾ, ನೀವು ಅಜ್ಜಿಗೆ ಒಂದು ಸಲಾನೂ ರೀ ಅಂದಿಲ್ಲಲ್ರಿ. ಹಂಗಾದ್ರ ಅಜ್ಜೀನ ಕೊಯ್ಯಾಕ ಬರತೈತೇನ್ರಿ?”

ಶರೀಫಸಾಬ ತಾಟಿನಲ್ಲಿ ಏನನ್ನೋ ಹುಡುಕತೊಡಗಿದರು. ಗುಡ್ಡವ್ವನ ಸೌಟು ಅರ್ಧಕ್ಕೇ ನಿಂತಿತ್ತು. ಅವಳು ಗಂಡನ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದಳು. ಮಾಸ್ತರರ ಕಿವಿ ಬಿಸಿಯಾದವು. ಕಿಸೆಗಳ್ಳನಿಗೆ ಸಿಕ್ಕ ಮಾತು, ಹುಂಜಕ್ಕೆ ಸಿಕ್ಕ ಮಾತು, ತಮ್ಮ ಮನೆಯಲ್ಲಿ ಇಷ್ಟು ವರ್ಷ ರೊಟ್ಟಿ ಬಡಿದವಳಿಗೆ ಸಿಕ್ಕಿಲ್ಲ ಎಂದು ಹೊಳೆದು ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು. ಸಾವಿರಾರು ಜನರಿಗೆ ಸಲೀಸಾಗಿ ಹಚ್ಚಿದ ಒಂದಕ್ಷರ ಈಗ ಗಂಟಲಲ್ಲಿ ಸಿಕ್ಕಿಕೊಂಡಿತು. ನೀರು ಕುಡಿದರು, ಕೆಮ್ಮಿದರು, ಮತ್ತೆ ನೀರು ಕುಡಿದರು.

“ಇನ್ನೊಂದು ಸ್ವಲ್ಪ ಸಾರು... ನೀಡ್ರಿ.”

ಗುಡ್ಡವ್ವ ಬಡಿಸಲಿಲ್ಲ. ಪಾತ್ರೆ ಎತ್ತಿಕೊಂಡು, ಮುಖಕ್ಕೆ ಸೆರಗು ಹಿಡಿದು ಸರ್ರನೆ ಅಡುಗೆಮನೆಗೆ ಹೋಗಿಬಿಟ್ಟಳು. ತಪ್ಪಾಯಿತೇನೋ ಎಂದು ಮಾಸ್ತರರು ಗಾಬರಿಯಾದರು. ಅಷ್ಟರಲ್ಲಿ ಒಳಗಿನಿಂದ ಅವಳ ದನಿ ಬಂತು.

“ಏನಂದ್ರಿ? ಕೇಳಸಲಿಲ್ಲ. ಕಾಶೀಬಾಯಿಗೂ ಕೇಳೂ ಹಂಗ ಇನ್ನೊಮ್ಮೆ ಅನ್ರಿ.”